ಹೊಸತನಕ್ಕೆ ಅಂಕ ಕೊಡುವವರಿಗೆ ಒಬ್ಬ ಡ್ರಾಮಾ ಮೇಷ್ಟ್ರ ಬಹಿರಂಗ ಪತ್ರ

ಉತ್ಸವ, ಸಮ್ಮೇಳನ, ಜಾತ್ರೆಗಳ ವೇದಿಕೆಗೆ ಹಾಡುವವರನ್ನೂ ನುಡಿಸುವವರನ್ನೂ ಆರಿಸುವ ಸಮಿತಿಗಳ ಮಾನ್ಯ ಸದಸ್ಯರಲ್ಲಿ,

ನಮಸ್ಕಾರಪೂರ್ವಕ ವಿಜ್ಞಾಪನೆ.

ನಾನು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನವನು. ಸುಗ್ಗಿ ಮುಗಿದು ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಮಾತು ಶುರುವಾದರೆ ಹಾರ್ಮೋನಿಯಂ ಎತ್ತಿಕೊಂಡು ಹೋಗಿ ಪಾತ್ರಧಾರಿಗಳಿಗೆ ಪದ್ಯ ಕಲಿಸುತ್ತೇನೆ. ಉಳಿದ ದಿನ ತೆಂಗಿನ ತೋಟ. ಈಚೆಗೆ ಒಂದು ಉತ್ಸವದ ಕಲಾತಂಡಗಳ ಆಯ್ಕೆಗೆ ನಮ್ಮ ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಕಂಡದ್ದನ್ನು ಹೇಳಿಕೊಳ್ಳುವುದಕ್ಕೆ ಈ ಪತ್ರ. ಆಯ್ಕೆ ಯಾವ ಊರಲ್ಲಿ ನಡೆಯಿತು, ಕರೆದವರು ಯಾರು ಎಂದು ಬರೆಯುವುದಿಲ್ಲ. ಒಂದು ಸಮಿತಿಯ ಮರ್ಯಾದೆ ತೆಗೆದು ನನಗೇನೂ ಆಗಬೇಕಾಗಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕಲಾವಿದ ಗೆಳೆಯರನ್ನು ಕೇಳಿದರೆ ಅವರೂ ಇಂಥದೇ ಕಥೆ ಹೇಳುತ್ತಾರೆ. ಓದುವಾಗ ಇದು ನಮ್ಮದೇ ಸಮಿತಿ ಅಂತ ನಿಮ್ಮಲ್ಲಿ ಯಾರಿಗಾದರೂ ಅನ್ನಿಸಿದರೆ ಅನ್ನಿಸಲಿ.

ಆಯ್ಕೆ ಹಗಲು ಹೊತ್ತಿನಲ್ಲಿ, ಎ.ಸಿ. ಹಾಕಿದ ಸಭಾಂಗಣದಲ್ಲಿ ನಡೆಯಿತು. ತಂಡಕ್ಕೆ ಐದು ನಿಮಿಷ, ಮುಗಿದರೆ ಗಂಟೆ. ತೀರ್ಪುಗಾರರ ಮುಂದಿದ್ದ ಹಾಳೆಯನ್ನು ನಮಗೂ ತೋರಿಸಿದರು, ಅದಕ್ಕೆ ಮೆಚ್ಚಬೇಕು. ಶ್ರುತಿ, ತಾಳ, ವೇಷಭೂಷಣ ಎಂಬ ಕಲಂಗಳಿದ್ದವು. ಅವುಗಳ ಕೆಳಗೆ ‘ಹೊಸತನ ಮತ್ತು ಪ್ರಯೋಗಶೀಲತೆ’ ಎಂದಿತ್ತು. ಅಂಕದಲ್ಲಿ ದೊಡ್ಡ ಪಾಲು ಅದಕ್ಕೇ ಮೀಸಲು. ಕೇಳಿದವರಿಗೆ ಏನಾಯಿತು ಎನ್ನುವುದಕ್ಕೆ ಒಂದು ಕಲಮ್ಮೂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ ಬಿಡಿ, ಸಭಾಂಗಣದಲ್ಲಿ ಕೇಳುಗರು ಅಂತ ಯಾರೂ ಇರಲಿಲ್ಲ. ತಮ್ಮ ಸರದಿಗೆ ಕಾದು ಕೂತ ತಂಡದವರು, ಚೀಟಿ ಹಂಚುವವರು, ಮೈಕಿನವನು, ಅಷ್ಟೇ ಜನ.

ಸಿರಾ ಕಡೆಯಿಂದ ಒಬ್ಬ ಹಿರಿಯರು ಗಣೆ ಹಿಡಿದು ಬಂದಿದ್ದರು. ಕಾಡುಗೊಲ್ಲರು. ಗಣೆ ಅಂದರೆ ಉದ್ದನೆಯ ಬಿದಿರಿನ ಕೊಳಲು. ಜುಂಜಪ್ಪನ ಕಥೆ ಹಾಡುವವರು ಅದನ್ನು ಊದುತ್ತಾರೆ, ನಿಲ್ಲಿಸಿ ಹಾಡುತ್ತಾರೆ, ಮತ್ತೆ ಊದುತ್ತಾರೆ. ದನ ಕಾಯುವ ಕುಲದ ವೀರನ ಕಥೆ ಅದು, ರಾತ್ರಿಯಿಡೀ ಹರಿಯುವಷ್ಟು ಉದ್ದ. ಆ ಯಜಮಾನರು ಕಣ್ಣು ಮುಚ್ಚಿ ಉಸಿರು ಕೂಡಿಸಿಕೊಂಡು, ಎರಡು ಸಲ ಊದಿ, ಕಥೆಯ ಮೊದಲ ಸೊಲ್ಲು ಎತ್ತುವ ಹೊತ್ತಿಗೆ ಗಂಟೆ ಹೊಡೆಯಿತು. ತೀರ್ಪುಗಾರರೊಬ್ಬರು ಬಹಳ ವಿನಯದಿಂದಲೇ ಕೇಳಿದರು: “ಯಜಮಾನ್ರೇ, ಇದ್ರ ಜೊತೆ ಗಿಟಾರೋ ಡ್ರಮ್ಸೋ ಏನಾದ್ರೂ ಸೇರ್ಸಿದ್ರೆ ಯುವಕರಿಗೆ ಹಿಡಿಸುತ್ತೆ, ಅಲ್ವಾ?” ಯಜಮಾನರು ಸ್ವಲ್ಪ ಹೊತ್ತು ಯೋಚನೆ ಮಾಡಿ, “ಜುಂಜಪ್ಪಂಗೆ ಗಣೆ ಅಷ್ಟೇಯ ಸ್ವಾಮಿ” ಅಂದರು. ತೀರ್ಪುಗಾರರು ಹಾಳೆಯ ಮೇಲೆ ಏನೋ ಬರೆದುಕೊಂಡರು. ಪಟ್ಟಿಯಲ್ಲಿ ಯಜಮಾನರ ಹೆಸರು ಬರಲಿಲ್ಲ.

ಚಿಕ್ಕಬಳ್ಳಾಪುರದ ಕಡೆಯ ತಮಟೆ ಹುಡುಗರದು ಬೇರೆ ಪಾಡು. ಚರ್ಮದ ತಮಟೆಗೆ ಬೆಂಕಿಯ ಕಾವು ಕೊಡದೆ ನಾದ ಬಿಗಿಯುವುದಿಲ್ಲ. ತಣ್ಣನೆ, ತೇವದ ಹವೆಗೆ ಚರ್ಮ ಸಡಿಲ ಬಿಡುತ್ತದೆ. ಸಭಾಂಗಣದ ಹಿಂದೆ ಖಾಲಿ ಜಾಗವಿತ್ತು. ಅಲ್ಲಿ ಒಂದು ಹಿಡಿ ಹುಲ್ಲು ಹೊತ್ತಿಸಿ ಕಾಯಿಸಿಕೊಳ್ಳುತ್ತೇವೆ ಅಂದರೆ ಸಮಿತಿಯವರು ಬಿಡಲಿಲ್ಲ. “ಈಗೆಲ್ಲ ಫೈಬರ್ ಬಂದಿದೆಯಲ್ರೀ, ಅದನ್ನ ತರೋದಲ್ವಾ” ಅಂದರು. ಹುಡುಗರು ಕಾವಿಲ್ಲದ ತಮಟೆಯಲ್ಲೇ ಹೆಜ್ಜೆ ಹಾಕಿದರು. ತಮಟೆ ದೊಪದೊಪ ಅಂತು. ಅದೇ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆ ನುಡಿಸಿದ್ದಕ್ಕೇ ಬಂತು. ಆಗ ನಾವೆಲ್ಲ ಫೋಟೋ ಹಂಚಿಕೊಂಡು ಹೆಮ್ಮೆಪಟ್ಟೆವು. ಅವರ ಜಿಲ್ಲೆಯ ಹುಡುಗರಿಗೆ ತಮಟೆ ಕಾಯಿಸಲು ನಾಲ್ಕು ಅಡಿ ಜಾಗ ಸಿಗಲಿಲ್ಲ.

ನಮ್ಮ ಸರದಿ ಬಂತು. ದುರ್ಯೋಧನನ ಪದ್ಯ. ಹಾಡಿದವನು ಗೂಡ್ಸ್ ಆಟೋ ಓಡಿಸುವ ಹುಡುಗ. ಅವನ ಗಂಟಲಿಗೆ ದೇವರು ಕೊಟ್ಟ ಗುಡುಗು ಇದೆ. ಮುಗಿದ ಮೇಲೆ ಪ್ರಶ್ನೆ: “ನಾಟಕದ ಪದ್ಯ ಎಲ್ಲಾ ಕಡೆ ಹೀಗೇ ಇರುತ್ತೆ. ನೀವು ಇದರಲ್ಲಿ ಹೊಸದಾಗಿ ಏನು ಮಾಡಿದ್ದೀರಿ?” ಹುಡುಗ ನನ್ನ ಮುಖ ನೋಡಿದ. ಆ ಪ್ರಶ್ನೆಗೆ ಅಲ್ಲಿ ಐದು ನಿಮಿಷದಲ್ಲಿ ಉತ್ತರ ಹೇಳಲು ಆಗುತ್ತಿರಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಆಯ್ಕೆಯಾದ ತಂಡವೊಂದರ ಬಗ್ಗೆಯೂ ಹೇಳಿಬಿಡುತ್ತೇನೆ. ತತ್ವಪದಕ್ಕೆ ಹೊಸ ಸಂಗೀತ ಕಟ್ಟಿಕೊಂಡು ಬಂದಿದ್ದರು. ಲ್ಯಾಪ್‌ಟಾಪಿನಿಂದ ಟ್ರ್ಯಾಕು, ಅದರ ಮೇಲೆ ಹಾಡು, ಹಿಂದೆ ಹೊಗೆ. ಹುಡುಗರು ಕಷ್ಟಪಟ್ಟಿದ್ದರು, ಶ್ರುತಿಯೂ ಚೊಕ್ಕವಾಗಿತ್ತು. ಅವರ ಮೇಲೆ ನನಗೆ ಒಂದು ಮಾತೂ ಇಲ್ಲ. ಒಬ್ಬನ ಕೈಯಲ್ಲಿ ಏಕತಾರಿ ಇತ್ತು. ಹಾಡು ಮುಗಿಯುವ ತನಕ ಅವನು ಅದರ ತಂತಿ ಮುಟ್ಟಲಿಲ್ಲ. ‘ಪ್ರಯೋಗಶೀಲತೆ’ಯಲ್ಲಿ ಅವರಿಗೆ ಪೂರ್ತಿ ಅಂಕ ಬಂತೆಂದು ಕೇಳಿದೆ.

ಇಷ್ಟು ಓದಿ ನೀವು, ಇವನು ಹಳೇ ಕಾಲದವನು, ಹೊಸದು ಕಂಡರೆ ಉರಿಯುತ್ತಾನೆ ಅಂದುಕೊಳ್ಳಬಹುದು. ನನ್ನ ಹಾರ್ಮೋನಿಯಂ ಪೆಟ್ಟಿಗೆಯ ಜಾತಕ ನೋಡಿ. ಅದು ನಮ್ಮ ನೆಲದ ವಾದ್ಯವೇ ಅಲ್ಲ. 1842ರಲ್ಲಿ ಪ್ಯಾರಿಸ್ಸಿನಲ್ಲಿ ದೆಬೆಯ್ನ್ ಎಂಬುವನು ಅದಕ್ಕೆ ಪೇಟೆಂಟ್ ಪಡೆದ. ಕಾಲಲ್ಲಿ ತುಳಿಯುವ ಆ ಪೆಟ್ಟಿಗೆ ಕಲ್ಕತ್ತೆಗೆ ಬಂದು, ಚಕ್ಕಳಮಕ್ಕಳ ಹಾಕಿ ಕೂತವರಿಗೆ ಹೊಂದುವಂತೆ ಕೈತಿದಿಯದಾಯಿತು. ಮರಾಠಿ ಸಂಗೀತ ನಾಟಕದವರು, ಪಾರ್ಸಿ ಕಂಪನಿಯವರು ಅದನ್ನು ಊರೂರಿಗೆ ಹೊತ್ತು ತಂದರು. ವಿದ್ವಾಂಸರು ಮೂಗು ಮುರಿದರು. ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ, ಗಮಕ ಇಲ್ಲ ಅಂದರು. ಆ ಮಾತಿನಲ್ಲಿ ಸುಳ್ಳೇನೂ ಇಲ್ಲ, ಕೈಯಲ್ಲಿ ಹಿಡಿದವನಿಗೇ ಗೊತ್ತು. ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತು. 1971ರವರೆಗೆ ರೇಡಿಯೋದಲ್ಲಿ ಅದಕ್ಕೆ ಜಾಗವಿರಲಿಲ್ಲ. ಆ ಅಷ್ಟೂ ವರ್ಷ ನಮ್ಮ ಹಳ್ಳಿಗಳಲ್ಲಿ ಪೆಟ್ಟಿಗೆ ನಿಲ್ಲಲಿಲ್ಲ. ಯಾಕೆಂದರೆ ಹೊಲದಿಂದ ಬಂದು ಬಣ್ಣ ಹಚ್ಚುವವನಿಗೆ ತಂಬೂರಿ ಹಿಡಿದು ಶ್ರುತಿ ಸೇರಿಸುವ ಪಾಠ ಆಗಿರುವುದಿಲ್ಲ. ಅವನ ಪಕ್ಕ ಕೂತು, ಅವನು ಜಾರಿದ ಕಡೆ ಜೋರಾಗಿ ಸ್ವರ ಹಿಡಿದು ದಾರಿಗೆ ತರುವ ವಾದ್ಯ ಬೇಕು. ಪೆಟ್ಟಿಗೆ ಉಳಿದದ್ದು ಆ ಕೆಲಸಕ್ಕೆ.

ನಮ್ಮ ಗುಬ್ಬಿಯ ಕಂಪನಿಯನ್ನೇ ನೋಡಿ. 1884ರಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಸಂಘ. ಗುಬ್ಬಿ ವೀರಣ್ಣನವರ ಕೈಗೆ ಬಂದ ಮೇಲೆ ಅದರಲ್ಲಿ ಆಗದ ಪ್ರಯೋಗ ಯಾವುದು? ಗಂಡಸರೇ ಸೀರೆ ಉಡುತ್ತಿದ್ದ ರಂಗಕ್ಕೆ ಹೆಂಗಸರು ಬಂದರು. ಕುರುಕ್ಷೇತ್ರ ನಾಟಕದ ರಂಗಕ್ಕೆ ನಿಜವಾದ ಆನೆ ಕುದುರೆ ಬಂದವು. ಕರ್ನಾಟಕಿ ರಾಗದ ಪಕ್ಕದಲ್ಲೇ ಹಿಂದೂಸ್ತಾನಿ, ಪಾರ್ಸಿ ಮಟ್ಟುಗಳು ಕೂತವು. ಈವತ್ತು ನೀವು ‘ಸಾಂಪ್ರದಾಯಿಕ’ ಎಂದು ಒಂದು ಕಲಂಗೆ ತಳ್ಳುವ ನಮ್ಮ ಪದ್ಯಗಳು ಆ ಕಾಲದ ಕಳ್ಳತನ, ಕೂಡಿಕೆ, ಧೈರ್ಯಗಳಿಂದ ಆದವು. ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರ ಕಟ್ಟಿದ್ದೀರಿ. ಅವರ ಬುದ್ಧಿಯನ್ನೂ ಕೊಂಚ ನೋಡಬೇಕಿತ್ತು. ವೀರಣ್ಣನವರು ಟಿಕೀಟು ಕೊಂಡ ಜನರ ಮುಖ ನೋಡಿ ಬದಲಾಯಿಸುತ್ತಿದ್ದರು. ಆನೆ ತಂದದ್ದು ಹೊಸದಾಗಿರಲಿ ಎಂದಲ್ಲ, ಹಿಂದಿನ ಸಾಲಿನವನ ಎದೆಯೂ ಝಲ್ಲೆನ್ನಲಿ ಎಂದು.

ಮೈಸೂರು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿಸಿದರು. ಮೈಕು ಇಲ್ಲದ ದೊಡ್ಡ ಚಪ್ಪರಗಳಲ್ಲಿ ನಾಲ್ಕು ತಂತಿಯ ನಾದ ಹಿಂದಕ್ಕೆ ತಲುಪುತ್ತಿರಲಿಲ್ಲ, ಅದಕ್ಕೆ. ಕೋಲಾರ ಜಿಲ್ಲೆಯ ಮುಳಬಾಗಿಲಿನ ಶ್ರೀಪಾದರಾಜರು ಹದಿನೈದನೇ ಶತಮಾನದಲ್ಲಿ, ಸಂಸ್ಕೃತದ್ದೇ ಅಧಿಕಾರವಿದ್ದ ಮಠದಲ್ಲಿ, ರಂಗವಿಠಲ ಎಂಬ ಅಂಕಿತವಿಟ್ಟು ಕನ್ನಡದಲ್ಲಿ ಹಾಡಿದರು. ಅದಕ್ಕಿಂತ ದೊಡ್ಡ ಹೊಸತು ನಮ್ಮ ಸೀಮೆಯಲ್ಲಿ ಸಂಗೀತಕ್ಕೆ ಆಗಿರಲಿಕ್ಕಿಲ್ಲ. ಅಲ್ಲಿ ಓದಿದ ವ್ಯಾಸರಾಯರು, ಅವರ ಶಿಷ್ಯರಾದ ಪುರಂದರ ಕನಕರು, ಆ ಸಾಲಿನಲ್ಲಿ ಎಲ್ಲರೂ ಬಂದರು. ಶಾಸ್ತ್ರ ಬಾರದ ಹೆಂಗಸಿಗೂ ಗಂಡಸಿಗೂ ಅರ್ಥವಾಗಬೇಕಿತ್ತು, ಹಾಡು ಕನ್ನಡಕ್ಕೆ ಬಂತು. ಇವರಲ್ಲಿ ಯಾರೂ ಕೂತು, ಈಗ ಏನಾದರೂ ಹೊಸದು ಮಾಡೋಣ ಅಂತ ಹೊರಟವರಲ್ಲ ಎಂದೇ ನನ್ನ ತಿಳುವಳಿಕೆ. ಮುಟ್ಟಬೇಕಾದವರಿಗೆ ಮುಟ್ಟುತ್ತಿಲ್ಲ ಅನ್ನಿಸಿತು. ದಾರಿ ಹುಡುಕಿದರು. ದಾರಿ ಹೊಸದಾಗಿತ್ತು.

ಬರೀ ಹೊಸತಿಗಾಗಿ ಹೊಸದು ಮಾಡಿದವರೂ ಇದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಕರ್ನಾಟಕ ಸಂಗೀತದ ಗಾಯಕ ಬಾಲಮುರಳಿಕೃಷ್ಣ ಅವರು ನಾಲ್ಕೇ ಸ್ವರದಲ್ಲಿ ಮಹತಿ, ಲವಂಗಿ ಎಂಬ ರಾಗ ಕಟ್ಟಿದರು. ಐದು ಸ್ವರ ಇಲ್ಲದೆ ರಾಗವೇ ಅಲ್ಲ ಎಂದು ದೊಡ್ಡ ಜಗಳವೇ ಆಯಿತು. ಆದರೆ ಅವರ ಗಂಟಲಿಗೆ ಆ ಹಕ್ಕಿತ್ತು, ಹಾಡಿ ತೋರಿಸಿದರು. ಅಂಥ ಶಕ್ತಿ ಇದ್ದವರು ಮಾಡಲಿ, ಧಾರಾಳವಾಗಿ ಮಾಡಲಿ. ಹೊಸತನ ಅಂದರೆ ಪಹಣಿ ಇದ್ದವರೆಲ್ಲ ಕಟ್ಟಬೇಕಾದ ಕಂದಾಯ ಅಲ್ಲವಲ್ಲ.

ಈಗ ನಮ್ಮ ಹುಡುಗನಿಗೆ ಕೇಳಿದ ಪ್ರಶ್ನೆಗೆ ಬರುತ್ತೇನೆ. ಹೊಸದಾಗಿ ಏನು ಮಾಡಿದ್ದೀರಿ?

ನಾಟಕದ ಪುಸ್ತಕದಲ್ಲಿ ಪದ್ಯ ಇರುತ್ತದೆ. ಕಂದವೋ ವೃತ್ತವೋ ಸೀಸವೋ ಎಂದು ಛಂದಸ್ಸಿನ ಹೆಸರಿರುತ್ತದೆ. ಮೇಲೆ ಒಂದು ರಾಗದ ಹೆಸರು ಅಚ್ಚಾಗಿದ್ದರೂ ಅದನ್ನೇ ಹಾಡಬೇಕೆಂದೇನೂ ಇಲ್ಲ. ಪಾತ್ರಕ್ಕೆ ಬಂದವನ ಗಂಟಲು ನೋಡಿ ರಾಗ ಕಟ್ಟುವುದು ಮೇಷ್ಟ್ರ ಕೆಲಸ. ಒಬ್ಬನಿಗೆ ಮೇಲಿನ ಷಡ್ಜ ಮುಟ್ಟುವುದಿಲ್ಲ, ಇನ್ನೊಬ್ಬನಿಗೆ ಕೆಳಗಿನ ಪಂಚಮ ಗಾಳಿ. ಒಬ್ಬ ದುರ್ಯೋಧನನಿಗೆ ಕಾಂಬೋದಿಯಲ್ಲಿ ಕಟ್ಟಿದ ವೃತ್ತವನ್ನೇ ಪಕ್ಕದ ಊರಿನ ದುರ್ಯೋಧನನಿಗೆ ಮೋಹನಕ್ಕೆ ತಿರುಗಿಸಿದ್ದೇನೆ. ಅವನಿಗೆ ನಿಷಾದದ ಜಾಗದಲ್ಲಿ ಸ್ವರ ನಿಲ್ಲುತ್ತಿರಲಿಲ್ಲ, ಐದು ಸ್ವರದ ರಾಗದಲ್ಲಿ ಬಚಾವಾದ. ಮಾತು ಮುಗಿಸಿ ಪದ್ಯ ಎತ್ತುವಾಗ ಉಸಿರು ಸಾಲದವನಿಗೆ ಪದ್ಯದ ನಡುವೆ ಒಂದು ‘ಆಹಾ’ ಇಟ್ಟು ಅಲ್ಲಿ ಉಸಿರು ಕೊಡಿಸುತ್ತೇವೆ. ಜನ ಅದನ್ನು ಪಾತ್ರದ ಗತ್ತು ಅಂದುಕೊಳ್ಳುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಗಂಟಲು ಒಡೆದ ಭೀಮನಿಗೆ ಶ್ರುತಿ ಅರ್ಧ ಮನೆ ಇಳಿಸಬೇಕಾದರೆ ಈಗ ಕೀಬೋರ್ಡಿನಲ್ಲಿ ಗುಂಡಿ ಒತ್ತಿದರೆ ಸಾಕು, ಬೆರಳು ಅದೇ ಜಾಗದಲ್ಲಿ ಓಡುತ್ತದೆ. ಆ ಗುಂಡಿಗೆ ನಾನು ಕೈಮುಗಿಯುತ್ತೇನೆ. ರಿದಂ ಪ್ಯಾಡು ಬಂದಿದೆ, ಅದೂ ಇರಲಿ. ಒಂದು ರಾತ್ರಿಯ ನಾಟಕದಲ್ಲಿ ಇಂಥವು ಎಷ್ಟೋ ನಡೆಯುತ್ತವೆ. ನಿಮ್ಮ ಹಾಳೆಯಲ್ಲಿ ಇವಕ್ಕೆ ಜಾಗ ಇಲ್ಲ, ಕಣ್ಣಿಗೆ ಕಾಣುವುದಿಲ್ಲವಲ್ಲ. ಗಿಟಾರು ಕಾಣುತ್ತದೆ.

ನಮ್ಮ ಹುಡುಗನಿಗೆ ಆ ಪ್ರಶ್ನೆ ಕೇಳಿದ ತೀರ್ಪುಗಾರರು ಊಟದ ಹೊತ್ತಿನಲ್ಲಿ ಸಿಕ್ಕಿದ್ದರು, ಸಜ್ಜನರು. “ಮೇಷ್ಟ್ರೇ, ಅದೇ ಅದೇ ಎಷ್ಟು ಅಂತ ಕೇಳೋದು ಹೇಳಿ” ಅಂದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ತಂಡದ ಮೇಲೆ ತಂಡ, ನಾಳೆ ಇನ್ನೊಂದು ತಾಲ್ಲೂಕು. ಹಾಗೆ ಕೇಳಿದರೆ ಅಮೃತವೂ ಸಪ್ಪೆಯೇ. ಆದರೆ ಒಂದು ಹಳ್ಳಿ ವರ್ಷಕ್ಕೆ ಒಂದು ನಾಟಕ ನೋಡುತ್ತದೆ. ಕೆಲವು ಕಡೆ ಎರಡು ಮೂರು ವರ್ಷಕ್ಕೆ ಒಂದು. ಆ ಊರಿಗೆ ದುರ್ಯೋಧನನ ಪದ್ಯ ಹಳತಾಗಿಲ್ಲ. ಅದಕ್ಕಾಗಿ ಕಾದು ಕೂತಿರುತ್ತದೆ. ಯಾವ ಪದ್ಯದಲ್ಲಿ ಯಾವ ಜಾಗ ಬರುತ್ತದೆ ಎಂಬುದು ಮುಂದೆ ಕೂತ ಮುದುಕರಿಗೆ ನನಗಿಂತ ಚೆನ್ನಾಗಿ ಗೊತ್ತು, ಬಂದಾಗ ತಲೆದೂಗಲು ಅಂತಲೇ ಕಾಯುತ್ತಾರೆ. ಬೇಸರ ಬಂದಿರುವುದು ನಿಮಗೆ, ಹೊಸದು ಬೇಕಾಗಿರುವುದೂ ನಿಮಗೆ. ಆ ಬೇಸರಕ್ಕೆ ಮದ್ದು ಕೊಡುವ ಹೊಣೆಯನ್ನು ಸಿರಾದ ಆ ಯಜಮಾನರ ಹೆಗಲಿಗೆ ಯಾಕೆ ಹಾಕುತ್ತೀರಿ?

ಹಾಗಾದರೆ ಜನ ಮೆಚ್ಚಿದರೆ ಸಾಕೋ ಎಂದು ನೀವು ಕೇಳಿಯೇ ಕೇಳುತ್ತೀರಿ. ಇದು ಕಷ್ಟದ ಪ್ರಶ್ನೆ, ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಜನ ಚಪ್ಪಾಳೆ ತಟ್ಟಿದ್ದೇ ಅಳತೆಯಾದರೆ ಗಣೇಶನ ಮೆರವಣಿಗೆಯ ಡಿಜೆಯೇ ಗೆಲ್ಲಬೇಕು. ಎದೆ ನಡುಗುವುದು ಅಲ್ಲೂ ಉಂಟು, ಕಿಟಕಿ ಗಾಜೂ ನಡುಗುತ್ತದೆ. ನಮ್ಮ ನಾಟಕದವರ ಹುಳುಕನ್ನೂ ಮುಚ್ಚಿಡುವುದಿಲ್ಲ. ಪಾತ್ರ ಸಿಗುವುದು ಗಂಟಲಿಗಲ್ಲ, ದುಡ್ಡಿಗೆ. ಹೆಚ್ಚು ಹಣ ಹಾಕಿದವನು ಕೃಷ್ಣ, ಅವನ ಭಾವಮೈದ ಅರ್ಜುನ. ಗೆಳೆಯರ ಗುಂಪು ಕಟ್ಟಿಕೊಂಡು ಬಂದು ‘ಒನ್ಸ್ ಮೋರ್’ ಕೂಗಿಸಿಕೊಳ್ಳುವವರಿದ್ದಾರೆ. ನೋಟಿನ ಹಾರ ಬೀಳುತ್ತದೆ ಎಂದು ಎರಡು ಸಾಲಿನ ಪದ್ಯವನ್ನು ಕಾಲು ಗಂಟೆ ಎಳೆಯುವವರಿದ್ದಾರೆ. ಎಳೆಯಲು ಬಿಡುವ ಮೇಷ್ಟ್ರುಗಳೂ ಇದ್ದಾರೆ. ಡಾ. ರಾಜ್‌ಕುಮಾರ್ ಅವರ ದನಿಯನ್ನು ಅನುಕರಿಸುವುದೇ ಹಾಡು ಅಂದುಕೊಂಡವರಂತೂ ಊರಿಗೊಬ್ಬರು. ಹಳೆಯದು ಎಂಬ ಒಂದೇ ಕಾರಣಕ್ಕೆ ಇವರಿಗೆ ಅಂಕ ಕೊಡಿ ಎಂದು ನಾನು ಕೇಳುತ್ತಿಲ್ಲ. ಕೊಟ್ಟರೆ ನಾನೇ ಇನ್ನೊಂದು ಪತ್ರ ಬರೆಯುತ್ತೇನೆ.

ಆದರೂ ಮನಸ್ಸು ಕಲಕುವುದು ಅಂದರೆ ಏನು ಎನ್ನುವುದು ಕೂತು ಕೇಳಿದವರಿಗೆ ಗೊತ್ತಾಗುತ್ತದೆ. ಕುಣಿಗಲ್ ಕಡೆಯ ಒಂದು ಹಳ್ಳಿಯಲ್ಲಿ ಕುಂತಿ ಕರ್ಣನನ್ನು ಕಾಣಲು ಬರುವ ಸೀನು. ಮಧ್ಯರಾತ್ರಿ ಕಳೆದು ಬಹಳ ಹೊತ್ತಾಗಿತ್ತು. ಮಕ್ಕಳು ಚಾಪೆಯ ಮೇಲೆ ಅಡ್ಡಾದಿಡ್ಡಿ ಮಲಗಿದ್ದವು. ಕರ್ಣನ ಪಾತ್ರ ಹಾಕಿದವನು ಗಾರೆ ಕೆಲಸದವನು, ಅವನ ಗಂಟಲು ಆಗಲೇ ಅರ್ಧ ಹೋಗಿತ್ತು. ಮೇಲಿನ ಸ್ವರ ಹಿಡಿಯಲು ಹೋಗಿ ಹಿಡಿಯಲಾರದೆ, ಅಲ್ಲೇ ನಿಲ್ಲಿಸಿ, ಪದ್ಯದ ಉಳಿದ ಸಾಲನ್ನು ಹೆಚ್ಚುಕಡಿಮೆ ಮಾತಿನಂತೆ ಹೇಳಿದ. ನಾನು ಪೆಟ್ಟಿಗೆಯ ತಿದಿ ಮೆಲ್ಲಗೆ ಒತ್ತುತ್ತಾ ಬರೀ ಷಡ್ಜ ಹಿಡಿದು ಕೂತೆ. ತಾಯಿಗೆ ಮಾತು ಕೊಡುವ ಹೊತ್ತು. ಮುಂದೆ ಕೂತಿದ್ದ ಒಬ್ಬ ಅಜ್ಜಿ ಗಟ್ಟಿಯಾಗಿ, “ಕೊಡಬ್ಯಾಡ ಕಣಪ್ಪ, ಕೊಡಬ್ಯಾಡ” ಅಂದಳು. ಯಾರೂ ನಗಲಿಲ್ಲ. ಒನ್ಸ್ ಮೋರ್ ಅಂತ ಒಬ್ಬನೂ ಕೂಗಲಿಲ್ಲ. ಕಥೆ ಮುಂದೆ ಏನಾಗುತ್ತದೆ ಎಂದು ಆ ಅಜ್ಜಿಗೆ ನಮಗೆಲ್ಲರಿಗಿಂತ ಮೊದಲೇ ಗೊತ್ತಿತ್ತು. ನಿಮ್ಮ ಹಾಳೆ ಹಿಡಿದು ಆ ಕರ್ಣನಿಗೆ ಅಂಕ ಹಾಕಿ ನೋಡಿ. ಶ್ರುತಿಗೆ ಕಡಿಮೆ, ವೇಷಕ್ಕೆ ಕಡಿಮೆ (ಬಾಡಿಗೆ ಕಿರೀಟ, ಒಂದು ಕಡೆ ಮಣಿ ಉದುರಿತ್ತು), ಹೊಸತನಕ್ಕೆ ಸೊನ್ನೆ.

ಇಂಥದನ್ನು ಕೇಳುವ ಜಾಗಗಳು ನಮ್ಮ ಜಿಲ್ಲೆಗಳಲ್ಲಿ ಇಲ್ಲ ಎಂದಲ್ಲ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದವರು ‘ಹುಣ್ಣಿಮೆ ಹಾಡು’ ನಡೆಸುತ್ತಾ ಬಂದಿದ್ದಾರೆ. ಬೆಳದಿಂಗಳು, ಬಯಲು, ಹಾಡು ನಾಟಕ. ಅಲ್ಲಿ ಗಂಟೆ ಹೊಡೆಯುವವರಿಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಗೆ 72 ಗಂಟೆ ಎಡೆಬಿಡದೆ ಸಂಗೀತ ನಡೆಯುತ್ತದೆ. ಹೆಸರಾಂತ ವಿದ್ವಾಂಸರೂ ಬರುತ್ತಾರೆ, ಹಳ್ಳಿಯ ಭಜನೆ ತಂಡಗಳೂ ಬರುತ್ತವೆ. ಬಳೆ ಮಾರುತ್ತಿದ್ದ ಕೈವಾರದ ಯೋಗಿ ನಾರೇಯಣರು, ಆ ಸೀಮೆಯ ಜನರ ತಾತಯ್ಯ, ಕನ್ನಡದಲ್ಲೂ ತೆಲುಗಿನಲ್ಲೂ ಹಾಡಿದವರು. ಗಡಿಯ ಜನ ಮನೆಯಲ್ಲಿ ಆಡುವುದೇ ಎರಡು ಭಾಷೆ, ಹಾಡೂ ಎರಡರಲ್ಲಿ ಬಂತು. ಇದನ್ನು ಯಾರೂ ಫ್ಯೂಷನ್ ಅನ್ನಲಿಲ್ಲ.

ಹೊಸ ತಲೆಮಾರಿನ ಮೇಲೆ ನಿಮಗಿರುವ ಕಾಳಜಿ ನನಗೂ ಇದೆ. ನಮ್ಮ ಮೇಳಕ್ಕೆ ಬರುವ ಹುಡುಗರಲ್ಲಿ ಒಬ್ಬ ಪದ್ಯಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬೈಕಿನಲ್ಲಿ ಹೋಗುವಾಗ ಕೇಳಿ ಕಲಿಯುತ್ತಾನೆ. ಅವನಿಗೆ ಪಾಶ್ಚಾತ್ಯ ಸಂಗೀತದ ಹುಚ್ಚೂ ಇದೆ. ನಾಳೆ ಅವನೇ ಗಿಟಾರು ತಂದು ದ್ರೌಪದಿಯ ಪದ್ಯಕ್ಕೆ ಕೂಡಿಸಿದರೆ, ಅದು ಕೂತರೆ, ನಾನೇ ಪಕ್ಕಕ್ಕೆ ಸರಿದು ಜಾಗ ಬಿಡುತ್ತೇನೆ. ಸಮಿತಿಯ ಹಾಳೆಗೆ ಹೆದರಿ ತಂದರೆ ಬಿಡುವುದಿಲ್ಲ. ಈಗಾಗಲೇ ಕೆಲವು ತಂಡಗಳಲ್ಲಿ ಆ ಹೆದರಿಕೆ ಶುರುವಾಗಿದೆ. “ಏನಾದ್ರೂ ಡಿಫರೆಂಟಾಗಿ ಮಾಡನ ಮೇಷ್ಟ್ರೇ, ಇಲ್ಲ ಅಂದ್ರೆ ಸೆಲೆಕ್ಟ್ ಮಾಡಲ್ಲ” ಅನ್ನುತ್ತಾರೆ. ಏನು ಮಾಡಬೇಕು ಎಂದು ಕೇಳಿದರೆ ಗೊತ್ತಿಲ್ಲ. ಏನಾದರೂ. ಸೋಬಾನೆ ಪದ ಹಾಡುವ ಹೆಂಗಸರ ತಂಡವೊಂದು ಈ ಸಲ ಕೈಯಲ್ಲಿ ದೀಪ ಹಿಡಿದು ಸುತ್ತು ಹಾಕುವುದನ್ನು ಅಭ್ಯಾಸ ಮಾಡಿಕೊಂಡು ಬಂದಿತ್ತು. ಸುತ್ತುವ ಗಡಿಬಿಡಿಯಲ್ಲಿ ಪದ ತಪ್ಪಿದರು. ಕೂತು ಹಾಡಿದ್ದರೆ ಅವರಿಗೆ ಎದುರಿಲ್ಲ.

ಈಗ ನನ್ನ ಬೇಡಿಕೆಗಳು.

ಹೊಸತನದ ಆ ಕಲಮ್ಮನ್ನು ತೆಗೆದುಬಿಡಿ. ತೆಗೆಯಲು ನಿಯಮ ಅಡ್ಡ ಬಂದರೆ ಅದರ ಅಂಕವನ್ನಾದರೂ ಎಲ್ಲಕ್ಕಿಂತ ಕೆಳಗೆ ಇಳಿಸಿ. ಹೊಸದು ಮಾಡಿದವರು ಗೆಲ್ಲಬಾರದು ಎಂದು ನಾನು ಹೇಳುತ್ತಿಲ್ಲ. ಅವರ ಹೊಸದು ಎದೆಗೆ ತಾಗಿದರೆ ಬೇರೆ ಕಲಂಗಳಲ್ಲೇ ಗೆಲ್ಲುತ್ತಾರೆ. ಹೊಸದು ಮಾಡದವರಿಗೆ ದಂಡ ಬೀಳಬಾರದು, ಅಷ್ಟೇ.

ಐದು ನಿಮಿಷ ಸಾಲದು. ಎಲ್ಲರಿಗೂ ಸಾಲದು ಎಂದಲ್ಲ. ಚಿತ್ರಗೀತೆ ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ, ಗಣೆಗೆ ಅಷ್ಟು ಹೊತ್ತು ಉಸಿರು ಕೂಡಿಸಲಿಕ್ಕೇ ಬೇಕು. ಒಂದೇ ಗಡಿಯಾರದಲ್ಲಿ ಎರಡನ್ನೂ ಅಳೆಯಬೇಡಿ. ಕಥೆ ಹಾಡುವವರಿಗೆ, ಪದ್ಯ ನಾಟಕದವರಿಗೆ, ತತ್ವಪದದವರಿಗೆ ಅರ್ಧ ಗಂಟೆ ಕೊಡಿ. ತಂಡಗಳು ಹೆಚ್ಚಿದ್ದರೆ ಇನ್ನೊಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಊಟದ ಖರ್ಚು ನಾವೇ ನೋಡಿಕೊಳ್ಳುತ್ತೇವೆ, ಬೇಕಾದರೆ ನಿಮಗೂ ಸೇರಿಸಿ.

ಆಯ್ಕೆಯನ್ನು ಬಯಲಿನಲ್ಲಿ, ಜನರ ಮುಂದೆ, ಸಂಜೆಗೆ ಇಡಿ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕಬಾರದೆಂಬ 2000ದ ನಿಯಮ ನಮಗೂ ಗೊತ್ತು, ಪ್ರತಿ ನಾಟಕಕ್ಕೂ ಠಾಣೆಗೆ ಅಲೆದವರು ನಾವು. ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷದಲ್ಲಿ 15 ದಿನದವರೆಗೆ ಮಧ್ಯರಾತ್ರಿ ತನಕ ಸಡಿಲಿಕೆ ಕೊಡುವ ಅಧಿಕಾರವೂ ಅದೇ ನಿಯಮದಲ್ಲಿ ಸರ್ಕಾರಕ್ಕಿದೆ. ಆ ದಿನಗಳಲ್ಲಿ ಒಂದನ್ನು ಇದಕ್ಕೆ ಕೇಳಿ ತನ್ನಿ, ನೀವು ಕೇಳಿದರೆ ಸಿಗುತ್ತದೆ. ತಮಟೆ ಕಾಯಿಸಲು ವೇದಿಕೆಯ ಹಿಂದೆ ಜಾಗ ಗುರುತಿಸಿ, ಪಕ್ಕದಲ್ಲಿ ಒಂದು ಡ್ರಮ್ಮು ನೀರು ಇಡಿಸಿ. ಫೈಬರ್ ತಮಟೆ ತರುವವರು ತರಲಿ, ಆದರೆ ಚರ್ಮದ ತಮಟೆಯವನಿಗೆ ಅದನ್ನು ಹೇರಬೇಡಿ.

ಟ್ರ್ಯಾಕು ಹಾಕಿ ಹಾಡುವವರನ್ನೂ ಮೇಳ ಕಟ್ಟಿಕೊಂಡು ಹಾಡುವವರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಬೇಡಿ. ಟ್ರ್ಯಾಕಿನವರು ಇಬ್ಬರು ಬಂದರೆ ಸಾಕು, ಪ್ರಯಾಣದ ಖರ್ಚು ಕಡಿಮೆ, ಸಮಿತಿಗೂ ಅನುಕೂಲ. ಆ ಅನುಕೂಲವೇ ಎಷ್ಟೋ ಕಡೆ ‘ಹೊಸತನ’ದ ಹೆಸರಿನಲ್ಲಿ ಓಡಾಡುತ್ತಿದೆ ಎಂದು ನನಗೆ ಗುಮಾನಿ. ತಪ್ಪಾಗಿದ್ದರೆ ಲೆಕ್ಕ ತೋರಿಸಿ.

ತೀರ್ಪುಗಾರರಲ್ಲಿ ಒಬ್ಬರಾದರೂ ಆ ಕಲೆಯ ಒಳಗಿನವರಿರಲಿ. ಗಣೆ ಕೇಳಲು ಕಾಡುಗೊಲ್ಲರ ಹಟ್ಟಿಯಿಂದ ಒಬ್ಬರು, ಪದ್ಯ ಕೇಳಲು ಹಳೆಯ ಪಾತ್ರಧಾರಿ ಒಬ್ಬರು. ಪದವಿ ಇಲ್ಲ ಎಂಬ ಅಡ್ಡಿ ಬೇಡ. ಇನ್ನು ಆಯ್ಕೆಯಾಗದ ತಂಡಕ್ಕೆ ಯಾಕೆ ಆಗಲಿಲ್ಲ ಎಂದು ಎರಡು ಸಾಲು ಕನ್ನಡದಲ್ಲಿ ಬರೆದು ಕೊಡಿ. ಸಿರಾದ ಯಜಮಾನರು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕೇಳಿದ್ದು ಅದನ್ನೇ: “ನಮ್ದೇನು ತಪ್ಪಾಯ್ತಂತೆ?”

ಮುಂದಿನ ಆಯ್ಕೆಯ ಪ್ರಕಟಣೆ ಹೊರಡುವ ಮೊದಲು ಈ ವಿಷಯಗಳನ್ನು ಸಭೆಯಲ್ಲಿ ಚರ್ಚಿಸಿ, ತೀರ್ಮಾನವನ್ನು ಅಂಕಪಟ್ಟಿಯ ಜೊತೆಗೇ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ಸುಗ್ಗಿ ಮುಗಿದ ಮೇಲಾದರೆ ನಮ್ಮ ತಂಡಗಳು ಪ್ರಾಕ್ಟೀಸಿನಲ್ಲಿ ಮುಳುಗಿರುತ್ತವೆ, ಆದ್ದರಿಂದ ಸಂಕ್ರಾಂತಿಯ ಒಳಗೆ ತಿಳಿಸಿದರೆ ಒಳ್ಳೆಯದು. ಯಾವುದಾದರೂ ಸಮಿತಿ ಕರೆದರೆ ಬಂದು ಮಾತಾಡಲು ನಾನು ತಯಾರಿದ್ದೇನೆ, ಆ ಯಜಮಾನರನ್ನೂ ಕರೆದುಕೊಂಡು ಬರುತ್ತೇನೆ. ಗಂಟೆ ಮಾತ್ರ ತರಬೇಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಡ್ರಾಮಾ ಮೇಷ್ಟ್ರು
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ